‘ಹನುಮಾನ್’ ಕಾರಿನ ಸಯಾಮಿ ರಾಜಕುಮಾರ

ನಂಗವಳ್ಳಿ : ಫಾರ್ಮುಲಾ ವನ್ ಕಾರು ರೇಸು ಅಂದರೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವ ಹೆಸರು ಕೊಯಮತ್ತೂರಿನ ನರೈನ್ ಕಾರ್ತಿಕೇಯನ್ ಅವರದು. ಆ ಮಟ್ಟದ ರೇಸಿಗೆ ಇಳಿದ ಮೊದಲ ಭಾರತೀಯ ಅವರು. ವರ್ಷ 2005. ಅದೇ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದರು. ಟೈರಿನ ತಕರಾರಿನಿಂದ ಹದಿನಾಲ್ಕು ಕಾರುಗಳು ರೇಸು ಶುರುವಾಗುವ ಹೊತ್ತಿಗೆ ಹಿಂದೆ ಸರಿದವು, ಕೊನೆಗೆ ಓಡಿದ್ದು ಆರೇ ಕಾರು ಎಂಬುದು ಬೇರೆ ಮಾತು. ದಾಖಲೆಯಲ್ಲಿ ಅವರ ಲೆಕ್ಕ ಐದು ಪಾಯಿಂಟು. ಅದಕ್ಕೆ ಮುಂಚೆ ಅವರು ಎಲ್ಲೆಲ್ಲಿ ಓಡಿಸಿದರು, ಏನೇನು ಗೆದ್ದರು ಎಂಬುದು ಆ ಐದರಲ್ಲಿ ಕಾಣುವುದಿಲ್ಲ.

ಅವರಿಗಿಂತ 55 ವರ್ಷ ಮೊದಲೇ ಫಾರ್ಮುಲಾ ವನ್‌ನ ಮೊಟ್ಟಮೊದಲ ಚಾಂಪಿಯನ್‌ಷಿಪ್ ರೇಸಿನಲ್ಲಿ ಏಷ್ಯಾದ ಒಬ್ಬರು ಕಾರು ಓಡಿಸಿದ್ದರು. ಅವರೂ ಚಾಂಪಿಯನ್‌ಷಿಪ್ಪಿನಲ್ಲಿ ನಾಲ್ಕನೇ ಸ್ಥಾನಕ್ಕಿಂತ ಮೇಲೆ ಬರಲಿಲ್ಲ. ಪುಸ್ತಕದಲ್ಲಿ ಅವರ ಲೆಕ್ಕ ಬರೀ ಎಂಟು ಪಾಯಿಂಟು. ಆದರೆ ಮೊನಾಕೊದ ಬೀದಿಗಳಲ್ಲಿ ಗೆದ್ದವರು ಅವರು. ಫ್ರಾನ್ಸ್, ಐರ್ಲೆಂಡ್, ಹಾಲೆಂಡ್, ಬೆಲ್ಜಿಯಂ, ನ್ಯೂಜಿಲೆಂಡ್ ಎಲ್ಲ ಕಡೆ ಗೆದ್ದವರು. ತಮ್ಮ ಕಾರೊಂದಕ್ಕೆ ಹನುಮಾನ್ ಎಂದು ಹೆಸರಿಟ್ಟವರು. ಒಂದು ಕಾಲಕ್ಕೆ ಇಂಗ್ಲೆಂಡಿನ ಪತ್ರಿಕೆಗಳ ತುಂಬ ಇದ್ದ ಅವರ ಹೆಸರನ್ನು ಇವತ್ತು ನಮ್ಮಲ್ಲಿ ಕೇಳಿದವರು ಕಡಿಮೆ. ಅವರೇ ಸಯಾಮಿನ ರಾಜಕುಮಾರ ಬೀರಾ. ಸಯಾಮ್ ಎಂದರೆ ಈಗಿನ ಥಾಯ್ಲೆಂಡ್.

ಹೆಸರು ನಮ್ಮದೇ!

ಅವರ ಪೂರ್ತಿ ಹೆಸರನ್ನು ಇಂಗ್ಲಿಷಿನವರು ಬೀರಾಬೊಂಗ್ಸೆ ಭಾನುದೇಜ್ ಎಂದು ಬರೆಯುತ್ತಾರೆ. ಬಾಯಿಗೆ ಸಿಗದ ಹೆಸರು ಅನ್ನಿಸುತ್ತದೆ. ಸ್ವಲ್ಪ ಕಿವಿಗೊಟ್ಟು ಕೇಳಿ ನೋಡಿ. ವೀರವಂಶ ಭಾನುತೇಜ! ಥಾಯಿಗಳು ಸಂಸ್ಕೃತವನ್ನು ಅವರ ನಾಲಿಗೆಗೆ ಬೇಕಾದಂತೆ ತಿರುಗಿಸಿಕೊಂಡಿದ್ದಾರೆ, ನಾವೂ ತಮಿಳರೂ ನಮ್ಮ ನಮ್ಮ ನಾಲಿಗೆಗೆ ತಿರುಗಿಸಿಕೊಂಡ ಹಾಗೆಯೇ. ಅವರ ಹಳೆಯ ರಾಜಧಾನಿ ಅಯುತ್ಥಯಾ ಅಂದರೆ ಅಯೋಧ್ಯೆ. ಅವರ ರಾಮಾಯಣ ರಾಮಕಿಯೆನ್. ಇಂಗ್ಲಿಷಿನವರಿಗಂತೂ ಆ ಹೆಸರು ಕಷ್ಟವಾಯಿತು. ಹಾಗಾಗಿ ರೇಸಿನ ಪಟ್ಟಿಯಲ್ಲಿ ಬರೀ ಬಿ. ಬೀರಾ ಎಂದು ಬರೆಸುತ್ತಿದ್ದರು.

ಹುಟ್ಟಿದ್ದು 1914ರ ಜುಲೈ 15ರಂದು, ಬ್ಯಾಂಕಾಕಿನಲ್ಲಿ. ಅಜ್ಜ ಸಯಾಮಿನ ದೊರೆ ಮೋಂಗ್‌ಕುಟ್, ಅಂದರೆ ನಾಲ್ಕನೆಯ ರಾಮ. ತಂದೆ ಭಾನುರಂಗ್ಸಿ (ನಮ್ಮ ಬಾಯಲ್ಲಿ ಭಾನುರಶ್ಮಿ), ಸಯಾಮಿಗೆ ಅಂಚೆ ವ್ಯವಸ್ಥೆ ತಂದವರು. ಇವತ್ತಿಗೂ ಥಾಯ್ಲೆಂಡಿನಲ್ಲಿ ಅವರನ್ನು ಅಂಚೆಯ ಪಿತಾಮಹ ಎಂದೇ ಕರೆಯುತ್ತಾರೆ. ಬೀರಾಗೆ ನಾಲ್ಕು ವರ್ಷವಾದಾಗ ತಾಯಿ ತೀರಿಕೊಂಡರು. 1927ರಲ್ಲಿ ಓದಲೆಂದು ಇಂಗ್ಲೆಂಡಿನ ಈಟನ್ ಶಾಲೆಗೆ ಕಳಿಸಿದರು. ಮರುವರ್ಷವೇ ತಂದೆಯೂ ಹೋದರು. ಹದಿನಾಲ್ಕರ ಹುಡುಗ, ಪರದೇಶ, ಅಪ್ಪ ಅಮ್ಮ ಇಬ್ಬರೂ ಇಲ್ಲ.

ಆಗ ಕೈಹಿಡಿದವರು ಬಂಧು ಚೂಲಾ ಚಕ್ರಬೊಂಗ್ಸೆ, ಅಂದರೆ ಚಕ್ರವಂಶ. ಇಲ್ಲೊಂದು ತಮಾಷೆ ಇದೆ. ಚೂಲಾ ಅವರ ತಂದೆಯೂ ಬೀರಾ ಅವರೂ ಅಣ್ಣತಮ್ಮಂದಿರ ಮಕ್ಕಳು. ವಾವೆಯಲ್ಲಿ ಬೀರಾ ಚೂಲಾಗೆ ಚಿಕ್ಕಪ್ಪನಾಗಬೇಕು. ವಯಸ್ಸಿನಲ್ಲಿ ಮಾತ್ರ ಚೂಲಾ ಆರು ವರ್ಷ ದೊಡ್ಡವರು. ನಮ್ಮ ದೊಡ್ಡ ಕುಟುಂಬಗಳಲ್ಲಿ ಮಗನಿಗಿಂತ ಚಿಕ್ಕ ವಯಸ್ಸಿನ ಚಿಕ್ಕಪ್ಪ ಇರುವುದುಂಟಲ್ಲ, ಹಾಗೆ. ಚೂಲಾ ಅವರ ತಾಯಿ ರಷ್ಯಾದವರು. ಕೈಯಲ್ಲಿ ಹಣವಿತ್ತು, ತಲೆಯಲ್ಲಿ ಲೆಕ್ಕವಿತ್ತು. ಇವೆರಡೂ ಒಬ್ಬರಲ್ಲೇ ಇರುವುದು ಅಪರೂಪ.

ಬೀರಾಗೆ ಓದಿಗಿಂತ ಕೈಗೆಲಸದ ಮೇಲೆ ಮನಸ್ಸು. ಲಂಡನ್ನಿನಲ್ಲಿ ಚಾರ್ಲ್ಸ್ ವೀಲರ್ ಎಂಬ ಶಿಲ್ಪಿಯ ಹತ್ತಿರ ಶಿಲ್ಪ ಕಲಿತರು. ಕಾಲಕ್ರಮದಲ್ಲಿ ಅವರ ಕೃತಿಗಳು ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲೂ ಇದ್ದವು. ಆದರೆ ಎಳೆತ ಇದ್ದದ್ದು ಇನ್ನೊಂದು ಕಡೆಗೆ. ನಮ್ಮ ಮೇಟೂರು ಅಣೆ ಕಟ್ಟಿ ಮುಗಿದದ್ದು 1934ರಲ್ಲಿ. ಅದರ ಮರುವರ್ಷ, ಇಪ್ಪತ್ತರ ಬೀರಾ ರೈಲಿ ಎಂಬ ಪುಟ್ಟ ಕಾರಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿಗೆ ಇಳಿದರು.

ಬಿಳಿ ಇಲಿಯ ತಂಡ

ಥಾಯ್ ಭಾಷೆಯಲ್ಲಿ ಇಲಿಗೆ ‘ನೂ’ ಅನ್ನುತ್ತಾರೆ. ಮುದ್ದಿನಿಂದ ಚಿಕ್ಕವರನ್ನು ಕರೆಯುವ ಹೆಸರೂ ಅದೇ. ಚೂಲಾ ಅವರಿಗೆ ಮನೆಯಲ್ಲಿ ಇಟ್ಟಿದ್ದ ಹೆಸರು ಅದು. ಹಾಗಾಗಿ ಅವರು ಕಟ್ಟಿದ ರೇಸ್ ತಂಡದ ಹೆಸರು ವೈಟ್ ಮೌಸ್, ಬಿಳಿ ಇಲಿ. ಕಾರಿನ ಮೈ ತಿಳಿನೀಲಿ, ಚಕ್ರ ಹಳದಿ. ನೃತ್ಯಕೂಟವೊಂದರಲ್ಲಿ ಯುವತಿಯೊಬ್ಬಳು ತೊಟ್ಟಿದ್ದ ಉಡುಪಿನ ಬಣ್ಣ ಕಣ್ಣಿಗೆ ಹಿಡಿಸಿ ಆ ನೀಲಿಯನ್ನು ಆರಿಸಿದರು ಎಂಬ ಕತೆ ಇದೆ. ಬಣ್ಣದ ಹೆಸರೇ ಕೊನೆಗೆ ಬೀರಾ ನೀಲಿ ಎಂದಾಯಿತು.

ಬೀರಾಗೆ 21 ತುಂಬಿದಾಗ ಚೂಲಾ ಕೊಟ್ಟ ಉಡುಗೊರೆ ಒಂದು ಇಆರ್‌ಎ ರೇಸ್ ಕಾರು. ಇಂಗ್ಲೆಂಡಿನ ಬೋರ್ನ್ ಎಂಬ ಊರಿನಲ್ಲಿ ಕೈಯಿಂದ ಒಂದೊಂದಾಗಿ ಕಟ್ಟುತ್ತಿದ್ದ ಕಾರು ಅದು. ಅದರ ಎಂಜಿನ್ 1488 ಸಿಸಿ. ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಅಂಬಾಸಿಡರ್ ಕಾರಿನ ಎಂಜಿನ್ 1489 ಸಿಸಿ ಇತ್ತು. ಅಳತೆಯಲ್ಲಿ ಒಂದೇ ಅನ್ನಿ. ಆದರೆ ಅಂಬಾಸಿಡರಿನ ಶಕ್ತಿ ಸುಮಾರು 50 ಕುದುರೆ, ಇದರದ್ದು ಸುಮಾರು 150. ಹೇಗೆ ಎಂದರೆ, ಎಂಜಿನ್ ತಾನಾಗಿ ಎಳೆದುಕೊಳ್ಳುವಷ್ಟು ಗಾಳಿ ಸಾಲದೆಂದು ಸೂಪರ್‌ಚಾರ್ಜರ್ ಎಂಬ ಪಂಪಿನಿಂದ ಗಾಳಿಯನ್ನು ಒಳಗೆ ತುರುಕುತ್ತಿದ್ದರು. ಕುಲುಮೆಗೆ ತಿದಿ ಒತ್ತಿದ ಹಾಗೆ. ಇಂಧನ ಪೆಟ್ರೋಲಲ್ಲ, ಮೆಥನಾಲ್ ಬೆರೆತ ದ್ರವ. ಗೇರು ಹಾಕುವ ಕ್ರಮವೂ ಬೇರೆ. ಬೇಕಾದ ಗೇರನ್ನು ಮೊದಲೇ ಒಂದು ಸಣ್ಣ ಕಡ್ಡಿಯಿಂದ ಗುರುತು ಮಾಡಿಟ್ಟುಕೊಂಡು, ಬೇಕೆಂದ ಕ್ಷಣ ಪೆಡಲು ತುಳಿದರೆ ಆಯಿತು. ತಿರುವಿನಲ್ಲಿ ಎರಡು ಕೈಯೂ ಸ್ಟಿಯರಿಂಗ್ ಮೇಲೆ ಇರುತ್ತಿತ್ತು.

ಆ ಕಾರಿಗೆ ರೋಮ್ಯುಲಸ್ ಎಂದು ಹೆಸರಿಟ್ಟರು. ಹುಟ್ಟುಹಬ್ಬ ಕಳೆದು ವಾರ ಆಗುವಷ್ಟರಲ್ಲಿ ಫ್ರಾನ್ಸಿನ ಡಿಯೆಪ್‌ನಲ್ಲಿ ಎರಡನೇ ಸ್ಥಾನ! ಮತ್ತೊಂದು ಇಆರ್‌ಎ ಬಂತು, ಅದು ರೀಮಸ್. ರೋಮ್ ಪಟ್ಟಣ ಕಟ್ಟಿದ ಅವಳಿ ಅಣ್ಣತಮ್ಮಂದಿರ ಹೆಸರುಗಳಿವು. ಆಮೇಲೆ ಮೂರನೆಯ ಇಆರ್‌ಎ ಬಂದಾಗ ರೋಮಿನವರ ಸಹವಾಸ ಸಾಕೆನಿಸಿರಬೇಕು. ಅದಕ್ಕೆ ಹನುಮಾನ್ ಎಂದು ಹೆಸರಿಟ್ಟು, ಮುಂದೆ ಹನುಮಂತನ ಬೆಳ್ಳಿ ಬಿಲ್ಲೆಯನ್ನು ಹಾಕಿಸಿದರು. ಇಂಗ್ಲೆಂಡಿನ ಟ್ರ್ಯಾಕಿನಲ್ಲಿ ಆಂಜನೇಯ! ನಮ್ಮೂರ ಲಾರಿಗಳ ಮುಂದೆ ಹಾಕಿಸುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು.

ಮೊನಾಕೊದ ಶನಿವಾರ

1936ರ ಏಪ್ರಿಲ್ 11, ಶನಿವಾರ. ಮೊನಾಕೊದ ಬೀದಿಗಳಲ್ಲಿ ಪ್ರಿನ್ಸ್ ರೈನಿಯೇ ಕಪ್ ಎಂಬ ರೇಸು. 1500 ಸಿಸಿಯ ಒಳಗಿನ ಕಾರುಗಳಿಗೆ ಮಾತ್ರ ಪ್ರವೇಶ. ಒಂದು ಕಡೆ ಸಮುದ್ರದ ದಕ್ಕೆ, ಇನ್ನೊಂದು ಕಡೆ ಅಂಗಡಿ ಹೋಟೆಲುಗಳು, ನಡುವೆ ಸುರಂಗ. ಒಂದು ತಿರುವು ತಪ್ಪಿದರೆ ಒಂದೋ ಗೋಡೆ, ಇಲ್ಲವೇ ನೀರು. ಐವತ್ತು ಸುತ್ತು ಓಡಿಸಿ ಮೊದಲು ಬಂದವರು ಬೀರಾ. ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ರೇಸಿಗೆ ಇಳಿದು ವರ್ಷ ಒಂದು ದಾಟಿತ್ತು, ಅಷ್ಟೇ.

ಅದಾಗಿ ಎರಡು ದಿನಕ್ಕೆ, ಸೋಮವಾರ, ಅದೇ ಬೀದಿಗಳಲ್ಲಿ ದೊಡ್ಡ ಕಾರುಗಳ ಮೊನಾಕೊ ಗ್ರಾಂಡ್ ಪ್ರಿ. ಸುರಿಯುವ ಮಳೆಯಲ್ಲಿ ಜರ್ಮನಿಯ ಕಾರಚಿಯೋಲಾ ಮರ್ಸಿಡಿಸ್ ಕಾರಿನಲ್ಲಿ ಗೆದ್ದರು. ಇತಿಹಾಸದವರು ಸೋಮವಾರವನ್ನು ದಪ್ಪ ಅಕ್ಷರದಲ್ಲಿ ಬರೆದರು, ಶನಿವಾರವನ್ನು ಸಣ್ಣ ಅಕ್ಷರದಲ್ಲಿ. ಬೀರಾ ಅವರ ಹೆಚ್ಚಿನ ಗೆಲುವುಗಳ ಕತೆಯೇ ಇದು.

ಅವರು ಯಾಕೆ ದೊಡ್ಡ ಕಾರಿಗೆ ಹೋಗಲಿಲ್ಲ ಎಂದು ಕೇಳಬಹುದು. ಹೋಗಿ ಮಾಡುವುದೇನು? 1934ರಿಂದ ಗ್ರಾಂಡ್ ಪ್ರಿ ರೇಸು ಅಂದರೆ ಜರ್ಮನಿಯ ಮರ್ಸಿಡಿಸ್, ಆಟೋ ಯೂನಿಯನ್ ಕಂಪನಿಗಳದ್ದೇ ರಾಜ್ಯ. ಹಿಟ್ಲರನ ಸರ್ಕಾರದ ಹಣ ಅವುಗಳ ಬೆನ್ನಿಗಿತ್ತು. 1937ರ ಅಕ್ಟೋಬರ್ 2ರಂದು ಆ ಕಾರುಗಳು ಇಂಗ್ಲೆಂಡಿನ ಡೋನಿಂಗ್ಟನ್‌ಗೇ ಬಂದವು. ಬೀರಾ ತಮ್ಮ ಹಳೆಯ ಮಾಸೆರಾಟಿ ಕಾರಿನಲ್ಲಿ ಎದುರು ನಿಂತರು. ಗೆದ್ದವರು ರೋಸ್‌ಮೇಯರ್. ಮೊದಲ ಐದು ಸ್ಥಾನವೂ ಜರ್ಮನ್ ಕಾರುಗಳಿಗೆ. ಆರನೆಯವರು ಬೀರಾ. ಸರ್ಕಾರವೇ ನಿಂತು ಓಡಿಸಿದ ಕಾರುಗಳ ಹಿಂದೆ ಸ್ವಂತ ಹಣದ ಕಾರಿನಲ್ಲಿ ಬಂದ ಆ ಆರನೇ ಸ್ಥಾನವನ್ನು ನಾನಾದರೆ ಗೆಲುವಿನ ಪಟ್ಟಿಯಲ್ಲೇ ಬರೆಯುತ್ತಿದ್ದೆ.

ಸೆಣಸಾಟ ಉಳಿದಿದ್ದದ್ದು 1500 ಸಿಸಿ ಕಾರುಗಳಲ್ಲಿ. ಅಲ್ಲಿ ಬೀರಾ ರಾಜರಾಗಿಯೇ ಇದ್ದರು. 1936ರಲ್ಲೇ ಫ್ರಾನ್ಸಿನ ಪಿಕಾರ್ಡಿ ಮತ್ತು ಆಲ್ಬಿ ಗ್ರಾಂಡ್ ಪ್ರಿ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಇಂಟರ್‌ನ್ಯಾಷನಲ್ ಟ್ರೋಫಿ, ಅದೂ ಇಆರ್‌ಎ ಕಂಪನಿ ಕಟ್ಟಿದವರಲ್ಲೊಬ್ಬರಾದ ರೇಮಂಡ್ ಮೇಸ್ ಅವರನ್ನೇ ಕೂದಲೆಳೆಯಲ್ಲಿ ಹಿಂದೆ ಹಾಕಿ. 1937ರ ಜೂನ್‌ನಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ರೇಸು. ಅದೇ ವರ್ಷ ಹೆಕ್ಟರ್ ಡಾಬ್ಸ್ ಜೊತೆ ಸರದಿಯ ಮೇಲೆ ಓಡಿಸಿ ಡೋನಿಂಗ್ಟನ್‌ನ ಹನ್ನೆರಡು ಗಂಟೆಗಳ ರೇಸು. 1938ರಲ್ಲಿ ಐರ್ಲೆಂಡಿನ ಕಾರ್ಕ್. ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್ ವರ್ಷದ ಅತ್ಯುತ್ತಮ ಚಾಲಕನಿಗೆ ಕೊಡುವ ಚಿನ್ನದ ನಕ್ಷತ್ರ 1936, 1937, 1938 ಮೂರು ವರ್ಷವೂ ಸಯಾಮಿನ ಈ ಹುಡುಗನಿಗೆ.

1937ರ ಅಕ್ಟೋಬರ್ 9ರ ಗೆಲುವಿನದ್ದು ಇನ್ನೊಂದು ವಿಶೇಷ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಟ್ರ್ಯಾಕಿನಲ್ಲಿ ಇಂಪೀರಿಯಲ್ ಟ್ರೋಫಿ. ಅದನ್ನು ಬಿಬಿಸಿಯವರು ಟಿವಿಯಲ್ಲಿ ನೇರವಾಗಿ ತೋರಿಸಿದರು. ಕಾರು ರೇಸು ಟಿವಿಯಲ್ಲಿ ಬಂದದ್ದು ಅದೇ ಮೊದಲು. ಇವತ್ತು ಭಾನುವಾರ ಮಧ್ಯಾಹ್ನ ಟಿವಿ ಮುಂದೆ ಕೂತು ರೇಸು ನೋಡುವ ನಮ್ಮ ಹುಡುಗರಿಗೆ ಇದು ಗೊತ್ತಿರಲಿ. ಜಗತ್ತು ಟಿವಿಯಲ್ಲಿ ಕಂಡ ಮೊದಲ ರೇಸು ಗೆದ್ದವರು ಏಷ್ಯಾದವರು.

ಗೆಲುವಿನ ಹಿಂದಿನ ಲೆಕ್ಕದ ಪುಸ್ತಕ

ಈ ಎಲ್ಲ ಗೆಲುವಿನಲ್ಲಿ ಅರ್ಧ ಪಾಲು ಚೂಲಾ ಅವರದ್ದು ಎಂಬುದು ನನ್ನ ಅಭಿಪ್ರಾಯ. ಎಷ್ಟನೇ ಸುತ್ತಿಗೆ ಇಂಧನ, ಎಷ್ಟನೇ ಸುತ್ತಿಗೆ ಟೈರು, ಎದುರಾಳಿ ಎಷ್ಟು ಸೆಕೆಂಡು ಹಿಂದೆ ಎಂದೆಲ್ಲ ಗಡಿಯಾರ ಹಿಡಿದು ಬರೆದಿಟ್ಟು, ಫಲಕ ತೋರಿಸಿ ಹೇಳುತ್ತಿದ್ದವರು ಅವರು. ಬೀರಾಗೆ ಓಡಿಸುವುದೊಂದೇ ಕೆಲಸ. ಮೆಕ್ಯಾನಿಕ್‌ಗಳೂ ಸಾಮಾನ್ಯರಲ್ಲ. ಅವರಲ್ಲಿದ್ದ ‘ಲಾಫ್ಟಿ’ ಇಂಗ್ಲೆಂಡ್ ಎಂಬ ಎತ್ತರದ ಮನುಷ್ಯ ಮುಂದೆ ಜಾಗ್ವಾರ್ ಕಂಪನಿಯ ರೇಸ್ ತಂಡ ನಡೆಸಿ, ಕೊನೆಗೆ ಆ ಕಂಪನಿಯ ಮುಖ್ಯಸ್ಥರೇ ಆದರು.

ಲೆಕ್ಕಗಾರರೂ ಎಡವುತ್ತಾರೆ. 1936ರಲ್ಲಿ ರಿಚರ್ಡ್ ಸೀಮನ್ ಎಂಬ ಇಂಗ್ಲಿಷ್ ಚಾಲಕ 1927ನೇ ಇಸವಿಯ ಹಳೆಯ ಡೆಲಾಜ್ ಕಾರೊಂದನ್ನು ರಿಪೇರಿ ಮಾಡಿಸಿಕೊಂಡು ಹೊಸ ಇಆರ್‌ಎಗಳನ್ನೆಲ್ಲ ಸೋಲಿಸಿದ್ದರು. ಚೂಲಾ ಆ ಕಾರನ್ನೂ, ಅದರ ಜೊತೆಯದ್ದನ್ನೂ, ಬಿಡಿಭಾಗಗಳನ್ನೂ ಕೊಂಡು, ಹೊಸ ಚೌಕಟ್ಟು ಹಾಕಿಸಲು ಹಣ ಸುರಿದರು. ಕಾರು ಓಡಲೇ ಇಲ್ಲ ಅನ್ನಬೇಕು. ಹಣವೂ ಹೋಯಿತು, ಮೆಕ್ಯಾನಿಕ್‌ಗಳ ಸಮಯವೂ ಹೋಯಿತು. ಒಬ್ಬರ ಕೈಯಲ್ಲಿ ಓಡಿದ ಮಗ್ಗ ಇನ್ನೊಬ್ಬರ ಕೈಗೆ ಬಂದಾಗ ನೂಲು ಹರಿಯುವುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜೊತೆಯವರನ್ನು ಟ್ರ್ಯಾಕು ಒಬ್ಬೊಬ್ಬರಾಗಿ ತೆಗೆದುಕೊಳ್ಳುತ್ತಲೂ ಇತ್ತು. ಡಿಯೆಪ್‌ನಲ್ಲಿ ಬೀರಾಗಿಂತ ಮುಂದೆ ಬಂದು ಗೆದ್ದಿದ್ದ ಪ್ಯಾಟ್ ಫೇರ್‌ಫೀಲ್ಡ್ 1937ರ ಲ ಮಾನ್ ರೇಸಿನಲ್ಲಿ ಗಾಯಗೊಂಡು ತೀರಿಕೊಂಡರು. ಡೋನಿಂಗ್ಟನ್‌ನಲ್ಲಿ ಅವರ ಸ್ಮಾರಕವನ್ನು ಕೈಯಾರೆ ಕೆತ್ತಿ ಕೊಟ್ಟವರು ಬೀರಾ. ರೋಸ್‌ಮೇಯರ್ 1938ರಲ್ಲಿ, ಸೀಮನ್ 1939ರಲ್ಲಿ ಹೋದರು. ಅದೇ 1939ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಅಭ್ಯಾಸದ ವೇಳೆ ಹನುಮಾನ್ ಕಾರು ಅಪಘಾತಕ್ಕೀಡಾಗಿ ಜಖಂ ಆಯಿತು. ಬೀರಾ ಬದುಕಿದರು. ಕಾರನ್ನೂ ಮತ್ತೆ ಕಟ್ಟಿದರು. ಎರಡು ತಿಂಗಳಲ್ಲಿ ಮಹಾಯುದ್ಧವೇ ಬಂತು.

ಯುದ್ಧದಲ್ಲಿ ಅವರ ಸ್ಥಿತಿ ವಿಚಿತ್ರವಾಗಿತ್ತು. 1942ರ ಜನವರಿಯಲ್ಲಿ ಜಪಾನಿನ ಹಿಡಿತದಲ್ಲಿದ್ದ ಥಾಯ್ಲೆಂಡ್ ಬ್ರಿಟನ್ ಮೇಲೆ ಯುದ್ಧ ಸಾರಿತು. ಹದಿನೈದು ವರ್ಷದಿಂದ ಇಂಗ್ಲೆಂಡಿನಲ್ಲೇ ಬೆಳೆದವರು, ಇಂಗ್ಲಿಷ್ ಹೆಂಡತಿ, ಇಂಗ್ಲಿಷ್ ಸ್ನೇಹಿತರು. ಕಾಗದದ ಮೇಲೆ ಮಾತ್ರ ಶತ್ರುದೇಶದವರು. ಗಡಿಯಲ್ಲಿ ಇರುವ ನಮಗೆ ಇದರ ರುಚಿ ಸ್ವಲ್ಪ ಗೊತ್ತು. ಎಲ್ಲೋ ದೂರದಲ್ಲಿ ಕಾವೇರಿಗಾಗಿ ಗಲಾಟೆ ಎದ್ದರೆ ನಮ್ಮ ಲಾರಿಯ ನಂಬರ್ ಪ್ಲೇಟು ನೋಡುತ್ತಾರೆ, ಮನೆಮಾತು ಕೇಳುತ್ತಾರೆ. ಬೀರಾ ಕಾರ್ನ್‌ವಾಲ್‌ನ ಹಳ್ಳಿಗಾಡಿನಲ್ಲಿ ಉಳಿದು, ವಾಯುಪಡೆ ಸೇರಲಿರುವ ಇಂಗ್ಲಿಷ್ ಹುಡುಗರಿಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವುದನ್ನು ಕಲಿಸಿದರು.

ಎಂಟು ಪಾಯಿಂಟಿನ ಲೆಕ್ಕ

ಯುದ್ಧ ಮುಗಿದ ಮೇಲೆ 1946ರಲ್ಲಿ ಉತ್ತರ ಐರ್ಲೆಂಡಿನ ಅಲ್ಸ್ಟರ್ ಟ್ರೋಫಿ ಗೆದ್ದರು. 1948ರ ಆಗಸ್ಟ್ 7ರಂದು ಹಾಲೆಂಡಿನ ಸಮುದ್ರತೀರದ ಜಾಂಡ್‌ಫೋರ್ಟ್ ಎಂಬ ಹೊಸ ಟ್ರ್ಯಾಕಿನ ಉದ್ಘಾಟನೆ. ಅಲ್ಲಿಯ ಮುಖ್ಯ ರೇಸನ್ನು ಮಾಸೆರಾಟಿ ಕಾರಿನಲ್ಲಿ, ಟೋನಿ ರೋಲ್ಟ್ ಅವರಿಗಿಂತ ಕಣ್ಣು ಮಿಟುಕಿಸುವಷ್ಟು ಮುಂದೆ ಬಂದು ಗೆದ್ದರು. 2021ರಿಂದ ಡಚ್ ಗ್ರಾಂಡ್ ಪ್ರಿ ಮತ್ತೆ ನಡೆದಾಗ ಕಿತ್ತಳೆ ಅಂಗಿ ತೊಟ್ಟ ಜನ ಕಿಕ್ಕಿರಿದು ಸೇರಿದ್ದನ್ನು ಟಿವಿಯಲ್ಲಿ ಕಂಡೆವಲ್ಲ, ಅದೇ ಜಾಗ. ಅಲ್ಲಿ ಮೊದಲ ಗೆಲುವು ಬೀರಾ ಅವರದ್ದು.

ಅಷ್ಟರಲ್ಲಿ ಚೂಲಾ ಜೊತೆ ಮನಸ್ತಾಪವಾಗಿ ತಂಡ ಮುರಿಯಿತು. ಲೆಕ್ಕದ ಪುಸ್ತಕ ಹಿಡಿಯುವವರಿಲ್ಲದೆ ಬೀರಾ ಒಬ್ಬರೇ ಆದರು. ಆಗಲೇ, 1950ರಲ್ಲಿ, ವಿಶ್ವ ಚಾಂಪಿಯನ್‌ಷಿಪ್ ಹುಟ್ಟಿದ್ದು!

ಇದರಲ್ಲೊಂದು ವಿಪರ್ಯಾಸ ಇದೆ. ಯುದ್ಧಕ್ಕೆ ಮುಂಚೆ 1500 ಸಿಸಿ ಕಾರು ಅಂದರೆ ಎರಡನೇ ದರ್ಜೆ. ಯುದ್ಧದ ನಂತರ ಫಾರ್ಮುಲಾ ವನ್ ಎಂದು ನಿಯಮ ಬರೆದಾಗ, ಸೂಪರ್‌ಚಾರ್ಜರ್ ಇರುವ ಕಾರಿಗೆ ಇಟ್ಟ ಮಿತಿ ಅದೇ 1500 ಸಿಸಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಆಲ್ಫಾ ರೋಮಿಯೋ ಕಾರು 1938ರಲ್ಲಿ ಈ ಚಿಕ್ಕ ದರ್ಜೆಗೆಂದೇ ಕಟ್ಟಿದ್ದು. ಅಂದರೆ ಬೀರಾ ಇಪ್ಪತ್ತೆರಡನೇ ವಯಸ್ಸಿನಲ್ಲಿ ಯಾವ ದರ್ಜೆಯಲ್ಲಿ ಒಂದರ ಮೇಲೊಂದು ಗೆಲ್ಲುತ್ತಿದ್ದರೋ, ಅದೇ ದರ್ಜೆ ಹದಿನಾಲ್ಕು ವರ್ಷ ಕಳೆದು ಜಗತ್ತಿನ ಮೊದಲ ದರ್ಜೆಯಾಯಿತು. ಆದರೆ ಪಾಯಿಂಟು ಕೊಡಲು ಶುರು ಮಾಡಿದ್ದು 1950ರಿಂದ. ಹಿಂದಿನದು ಲೆಕ್ಕಕ್ಕಿಲ್ಲ. ನೇಕಾರರ ಸಂಘದ ಪುಸ್ತಕ ತೆರೆಯುವ ಮೊದಲು ನೇದ ಸೀರೆಗೆ ಪುಸ್ತಕದಲ್ಲಿ ಜಾಗವಿಲ್ಲ, ಅಷ್ಟೇ. ಸೀರೆ ನೇದದ್ದು ಸುಳ್ಳಾಗುತ್ತದೆಯೇ?

1950ರ ಮೇ 13, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್. ಸಾಲಿನ ಮೊದಲ ನಾಲ್ಕು ಜಾಗ ಆಲ್ಫಾ ರೋಮಿಯೋ ಕಾರುಗಳಿಗೆ. ಐದನೆಯದು ಬೀರಾ. ಡೋನಿಂಗ್ಟನ್‌ನಲ್ಲಿ ಐವರು ಜರ್ಮನ್ನರ ಹಿಂದೆ ಆರನೆಯವರು, ಇಲ್ಲಿ ನಾಲ್ಕು ಆಲ್ಫಾಗಳ ಹಿಂದೆ ಐದನೆಯವರು. ಉಳಿದ ಮನುಷ್ಯರ ಪೈಕಿ ಮೊದಲಿಗರು ಅನ್ನಿ. ಇಂಧನದ ತೊಂದರೆಯಿಂದ ಆ ರೇಸು ಮುಗಿಸಲಾಗಲಿಲ್ಲ. ಅದೇ ವರ್ಷ ಮೊನಾಕೊದಲ್ಲಿ ಐದನೇ ಸ್ಥಾನಕ್ಕೆ ಎರಡು ಪಾಯಿಂಟು, ಸ್ವಿಟ್ಜರ್‌ಲೆಂಡಿನಲ್ಲಿ ನಾಲ್ಕನೇ ಸ್ಥಾನಕ್ಕೆ ಮೂರು. 1954ರ ಜುಲೈನಲ್ಲಿ ರೀಮ್ಸ್‌ನ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಮೂರನೇ ಸ್ಥಾನ ಕೈಯಲ್ಲೇ ಇತ್ತು. ಕೊನೆಯ ಸುತ್ತಿನಲ್ಲಿ ಇಂಧನ ಮುಗಿಯಿತು! ಫ್ರಾನ್ಸಿನ ರಾಬರ್ಟ್ ಮಾಂಜೋನ್ ದಾಟಿ ಹೋದರು. ನಾಲ್ಕನೇ ಸ್ಥಾನ, ಮತ್ತೆ ಮೂರು ಪಾಯಿಂಟು. ಚೂಲಾ ಗಡಿಯಾರ ಹಿಡಿದು ನಿಂತಿದ್ದರೆ ಆ ಇಂಧನ ಸಾಲದೆ ಬರುತ್ತಿತ್ತೇ ಎಂದು ಅನ್ನಿಸದೆ ಇರದು. ಎರಡು, ಮೂರು, ಮೂರು, ಒಟ್ಟು ಎಂಟು. ವಿಜಯವೇದಿಕೆ ಏರುವ ಮೂರನೇ ಸ್ಥಾನ ಒಂದೇ ಸುತ್ತಿನಲ್ಲಿ ತಪ್ಪಿತು. ಥಾಯ್ ಬಾವುಟದಡಿ ಓಡಿಸುವ ಚಾಲಕರೊಬ್ಬರು ಫಾರ್ಮುಲಾ ವನ್ ವಿಜಯವೇದಿಕೆ ಏರಲು 2020ರಲ್ಲಿ ಅಲೆಕ್ಸಾಂಡರ್ ಆಲ್ಬನ್ ಬರಬೇಕಾಯಿತು, 66 ವರ್ಷದ ನಂತರ.

ರೀಮ್ಸ್‌ಗೆ ಒಂದು ತಿಂಗಳು ಮೊದಲಿನ ಗೆಲುವೊಂದಿದೆ. ಅದು ನಮ್ಮಂಥವರಿಗೆ ಇಷ್ಟವಾಗುವಂಥದ್ದು. ಬೆಲ್ಜಿಯಂನಲ್ಲಿ ಫ್ರಾನ್ಸ್ ಗಡಿಗೆ ಅಂಟಿಕೊಂಡ ಶಿಮೇ ಎಂಬ ಚಿಕ್ಕ ಊರು. ಆ ಊರಿನವರು 1926ರಿಂದ ಊರ ಸುತ್ತಲಿನ ರಸ್ತೆಗಳಲ್ಲೇ ಒಂದು ರೇಸು ನಡೆಸುತ್ತ ಬಂದಿದ್ದರು. ಹೆಸರು ಗ್ರಾಂಡ್ ಪ್ರಿ ದೆ ಫ್ರೋಂತಿಯೇರ್, ಅಂದರೆ ಗಡಿಗಳ ಗ್ರಾಂಡ್ ಪ್ರಿ. ಹೊಲದ ನಡುವೆ ರಸ್ತೆ, ಬದುವಿನ ಮೇಲೆ ಜನ. ನಮ್ಮ ಊರುಗಳಲ್ಲಿ ಎತ್ತಿನ ಗಾಡಿ ಓಟಕ್ಕೆ ನಿಲ್ಲುವುದಿಲ್ಲವೇ, ಹಾಗೆ. 1954ರ ಜೂನ್ 6ರಂದು ಆ ರೇಸನ್ನು ನಾಲ್ವತ್ತರ ಹೊಸ್ತಿಲಲ್ಲಿದ್ದ ಬೀರಾ ಮಾಸೆರಾಟಿ ಕಾರಿನಲ್ಲಿ ಗೆದ್ದರು. ಫಾರ್ಮುಲಾ ವನ್ ಕಾರುಗಳೇ ಓಡಿದರೂ ಚಾಂಪಿಯನ್‌ಷಿಪ್ಪಿಗೆ ಸೇರದ ರೇಸು ಅದು. ಪಾಯಿಂಟು ಸೊನ್ನೆ.

ಕೊನೆಯ ದೊಡ್ಡ ಗೆಲುವು 1955ರ ಜನವರಿ 8ರಂದು ನ್ಯೂಜಿಲೆಂಡಿನಲ್ಲಿ. ಆರ್ಡ್‌ಮೋರ್ ಎಂಬಲ್ಲಿ ಯುದ್ಧಕಾಲದ ವಿಮಾನ ನಿಲ್ದಾಣವೇ ಟ್ರ್ಯಾಕು. ಚೆನ್ನೈ ಹತ್ತಿರ ಶೋಳಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ರೇಸು ನೋಡಿದ ಹಿರಿಯರು ಅದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ನ್ಯೂಜಿಲೆಂಡ್ ಗ್ರಾಂಡ್ ಪ್ರಿಯಲ್ಲಿ ಬೀರಾ ಮೊದಲಿಗರು. ಅದಕ್ಕೂ ಚಾಂಪಿಯನ್‌ಷಿಪ್ ಲೆಕ್ಕದಲ್ಲಿ ಸೊನ್ನೆ. ಆ ವರ್ಷವೇ ರೇಸು ಬಿಟ್ಟರು. ಆಗ್ನೇಯ ಏಷ್ಯಾದಿಂದ ಫಾರ್ಮುಲಾ ವನ್‌ಗೆ ಇನ್ನೊಬ್ಬರು ಬಂದದ್ದು 2001ರಲ್ಲಿ, ಮಲೇಷ್ಯಾದ ಅಲೆಕ್ಸ್ ಯೂಂಗ್.

ಜೇಬಿನಲ್ಲಿದ್ದ ಕಾಗದ

ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. 1952ರಲ್ಲೇ ಎರಡು ಎಂಜಿನ್ನಿನ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಲಂಡನ್ನಿನಿಂದ ಬ್ಯಾಂಕಾಕಿಗೆ ಹೋಗಿದ್ದರು. ರೇಸು ಬಿಟ್ಟ ಮೇಲೆ ಹಾಯಿದೋಣಿ ಹಿಡಿದರು. 1956ರ ಮೆಲ್ಬರ್ನ್, 1960ರ ರೋಮ್, 1964ರ ಟೋಕಿಯೊ, 1972ರ ಮ್ಯೂನಿಕ್, ಹೀಗೆ ನಾಲ್ಕು ಒಲಿಂಪಿಕ್ಸ್‌ನಲ್ಲಿ ಥಾಯ್ಲೆಂಡಿನ ಪರ ಹಾಯಿದೋಣಿ ನಡೆಸಿದರು. ಪದಕ ಬರಲಿಲ್ಲ. ಹಣ ನಿಲ್ಲಲಿಲ್ಲ, ಸಂಸಾರವೂ ಒಂದೆಡೆ ನಿಲ್ಲಲಿಲ್ಲ, ಮದುವೆಗಳು ಹಲವಾದವು. ಚೂಲಾ 1963ರ ಡಿಸೆಂಬರ್ 30ರಂದು ತೀರಿಕೊಂಡಿದ್ದರು. ರೋಮ್ಯುಲಸ್, ರೀಮಸ್, ಹನುಮಾನ್ ಮೂರೂ ಕಾರುಗಳು ಎಂದೋ ಅವರ ಕೈ ಬಿಟ್ಟಿದ್ದವು.

1985ರ ಡಿಸೆಂಬರ್ 23. ಕ್ರಿಸ್ಮಸ್‌ಗೆ ಎರಡು ದಿನ. ಲಂಡನ್ನಿನ ಬ್ಯಾರನ್ಸ್ ಕೋರ್ಟ್ ಎಂಬ ಸುರಂಗ ರೈಲು ನಿಲ್ದಾಣದಲ್ಲಿ ವಯಸ್ಸಾದ ಏಷ್ಯಾದ ಮನುಷ್ಯರೊಬ್ಬರು ಕುಸಿದು ಬಿದ್ದರು. ಹೃದಯಾಘಾತ. ಜೀವ ಅಲ್ಲೇ ಹೋಯಿತು. ಗುರುತಿನ ಚೀಟಿ ಇರಲಿಲ್ಲ. ಪೊಲೀಸರಿಗೆ ಅವರು ಯಾರೆಂದು ತಿಳಿಯಲಿಲ್ಲ. ಐವತ್ತು ವರ್ಷದ ಹಿಂದೆ ಅದೇ ಊರಿನವರು ಟಿವಿಯಲ್ಲಿ ನೋಡಿದ್ದ ಮುಖ ಅದು.

ಜೇಬಿನಲ್ಲಿ ಕೈಬರಹದ ಒಂದು ಕಾಗದ ಸಿಕ್ಕಿತು. ಯಾವ ಭಾಷೆಯ ಅಕ್ಷರವೆಂದು ಪೊಲೀಸರಿಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಬರೆದ ನಮ್ಮಲ್ಲಿ ಅಜ್ಜ ಬರೆದಿಟ್ಟ ಕನ್ನಡ ಕಾಗದವನ್ನು ಓದಿಸಿಕೊಳ್ಳಲು ಊರೂರು ಸುತ್ತಿದವರಿದ್ದಾರೆ. ಲಂಡನ್ ಪೊಲೀಸರು ಆ ಕಾಗದವನ್ನು ಲಂಡನ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅದು ಥಾಯ್ ಲಿಪಿ ಎಂದು ಅಲ್ಲಿಯವರು ಹೇಳಿದರು. ಯಾರಿಗೆ ಬರೆದದ್ದು ಎಂಬುದನ್ನೂ ಓದಿ ಹೇಳಿದರು. ರಾಜಕುಮಾರ ಬೀರಾಗೆ. ಸಯಾಮಿಗೆ ಅಂಚೆ ತಂದವರ ಮಗನಿಗೆ.

ಥಾಯ್ ರಾಯಭಾರ ಕಚೇರಿಗೆ ಸುದ್ದಿ ಹೋಯಿತು. ಲಂಡನ್ನಿನ ವಿಂಬಲ್ಡನ್‌ನಲ್ಲಿರುವ ಬುದ್ಧಪದೀಪ ಎಂಬ ಥಾಯ್ ಬೌದ್ಧ ಮಂದಿರದಲ್ಲಿ ಕರ್ಮಗಳು ನಡೆದವು. ಅವರ ಸಂಪ್ರದಾಯದಂತೆ ದಹನವಾಯಿತು. ಅವರಿಗೆ 71 ವರ್ಷವಾಗಿತ್ತು.